ಕಿವಿ ಹರಿದ ಅಕ್ಷರ

ತೋಕಾತ್ ಪೇಟೆಯಲ್ಲಿ ತಾಮ್ರಗಾರರ ಸಾಲು ಮುಗಿದು
ಕಿವಿಗೆ ಕೊಂಚ ಬಿಡುವು ಸಿಗುವಲ್ಲಿ ನನ್ನ ಅಂಗಡಿ.
ಅಂಗಡಿಯೆಂದರೆ ಒಂದು ಕಿಟಕಿ, ಒಂದು ಕಾಲ್ಮಣೆ,
ಎಣ್ಣೆಯಲ್ಲಿ ಕಲಸಿದ ಸಾಣೆಪುಡಿ, ಬಿಲ್ಲಿಗೆ ಕಟ್ಟಿದ ಬೈರಿಗೆ.
ಯೆರ್ವಾಂದ್ ಎಂದು ಕೇಳಿದರೆ ಯಾರೂ ತೋರಿಸುವುದಿಲ್ಲ;
ಮೊಹರು ಕೊರೆಯುವವನು ಎನ್ನಿ.

ನಾನು ಪ್ರಾರ್ಥಿಸುವ ಲಿಪಿ ಬೇರೆ, ಕೊರೆಯುವ ಲಿಪಿ ಬೇರೆ.
ಅದನ್ನೂ ತಿರುವುಮುರುವಾಗಿ ಕೊರೆಯಬೇಕು:
ಕಲ್ಲಿನಲ್ಲಿ ಸುಳ್ಳಾಗಿದ್ದದ್ದು ಕಾಗದದಲ್ಲಿ ನಿಜವಾಗಬೇಕು.
ನಲವತ್ತು ವರ್ಷ ಇದನ್ನೇ ಮಾಡಿ
ಹೆಂಡತಿಯ ಮಚ್ಚೆ ಎಡಗೆನ್ನೆಗೋ ಬಲಗೆನ್ನೆಗೋ
ಎಂದರೆ ಈಗಲೂ ತಡವರಿಸುತ್ತೇನೆ.

ಕೊರೆದ ಪ್ರತಿಯೊಂದರ ಅಚ್ಚನ್ನೂ ಪುಸ್ತಕದಲ್ಲಿ ಒತ್ತಿಡುವುದು
ಅಪ್ಪನ ಕಾಲದ ರೂಢಿ.
ಗೋಧಿಯ ದಲ್ಲಾಳಿ, ಇಮಾಮ, ಹೇಸರಗತ್ತೆಗಳ ಒಡೆಯ,
ಎಲ್ಲರೂ ಅಲ್ಲಿ ಮಸಿಯ ಬೊಟ್ಟುಗಳು,
ಸತ್ತವರೂ ಸಾಲಗಾರರೂ ಒಂದೇ ಹಾಳೆಯಲ್ಲಿ.

ಆ ವರ್ಷ ದ್ರಾಕ್ಷಿ ಮುಗಿದ ಮೇಲೆ ಬೆಕ್ತಾಶ್ ಎಂಬವನು ಬಂದ.
"ಅಣ್ಣ ಮಕ್ಸೂದನ ಉಂಗುರ ಹೊಳೆಗೆ ಬಿತ್ತು,
ಹಾಸಿಗೆ ಹಿಡಿದಿದ್ದಾನೆ, ಅಂಥದ್ದೇ ಒಂದು ಬೇಕು."
ಪುಸ್ತಕ ತೆಗೆದೆ. ಹನ್ನೊಂದು ವರ್ಷದ ಹಿಂದಿನ ನನ್ನದೇ ಕೈ.
ಅದೇ ಕೆಂಪು ಅಕೀಕ್, ಅದೇ ಬಾಗು, ಅದೇ ಎಳೆ,
ಕೂದಲಿನಷ್ಟೂ ತಪ್ಪಲಿಲ್ಲ.
ಸಂಜೆ ಕಲ್ಲು ತೊಳೆದು ಬೆಳಕಿಗೆ ಹಿಡಿದಾಗ
ಹೆಮ್ಮೆಪಟ್ಟೆ. ಅದನ್ನೂ ಹೇಳಿಬಿಡಬೇಕು.

ಹಿಮ ಕರಗುವ ಹೊತ್ತಿಗೆ ಖಾಜಿಯ ಕರೆ ಬಂತು,
ಸಾಕ್ಷಿಯೆಂದಲ್ಲ, ಕಸುಬು ಬಲ್ಲವನೆಂದು.
ಹಿಪ್ಪುನೇರಳೆ ತೋಟವನ್ನು ತಮ್ಮನಿಗೆ ಮಾರಿದ ಪತ್ರ,
ಕೆಳಗೆ ತೀರಿಹೋದ ಮಕ್ಸೂದನ ಮೊಹರು.
"ಯಾರ ಕೆಲಸ?"
"ನನ್ನದೇ."
"ಅಸಲಿಯೋ?"
"ಅಸಲಿ."
ಎಷ್ಟು ಸಲ ಕೊರೆದೆಯೆಂದು ಯಾರೂ ಕೇಳಲಿಲ್ಲ.
ಕೇಳದ್ದಕ್ಕೆ ನಾನು ಉತ್ತರಿಸಲಿಲ್ಲ.

ಪರದೆಯ ಆಚೆಯಿಂದ ಹೆಂಗಸಿನ ದನಿ:
"ಪತ್ರ ಇತ್ತ ತನ್ನಿ."
ಝೂಲ್ಬಿಯೆ, ವಿಧವೆ, ಓದು ಬಾರದವಳು.
ಮೂಗಿನ ಬಳಿ ಹಿಡಿದು ನೋಡಿದಳು.
"ಇದು ನಮ್ಮದಲ್ಲ. ನಮ್ಮದಕ್ಕೆ ಕಿವಿ ಹರಿದಿದೆ."

ಯಾರೋ ನಕ್ಕರು.

"ಗಂಡನಿಗೆ ಕೈ ನಡುಕ. ಏಳು ವರ್ಷ ಒತ್ತಿದವಳು ನಾನು,
ದೀಪದ ಹೊಗೆಗೆ ಹಿಡಿದು, ಕಾಗದವನ್ನು ನಾಲಿಗೆಯಿಂದ ತೇವ ಮಾಡಿ,
ಉಸಿರು ಕಟ್ಟಿ.
ಮೂರು ಚಳಿಗಾಲದ ಹಿಂದೆ ಬೀಸುಕಲ್ಲಿಗೆ ತಗುಲಿ
ಮೊದಲ ಅಕ್ಷರದ ದುಂಡು ತಲೆಯಿಂದ ಚಕ್ಕೆ ಎದ್ದಿತು.
ಆ ಅಕ್ಷರದ ಹೆಸರು ನನಗೆ ಗೊತ್ತಿಲ್ಲ.
ನೂರು ಮೇಕೆಗಳ ನಡುವೆ ಕಿವಿ ಹರಿದದ್ದು ನನ್ನದೆಂದು
ತಿಳಿಯಲು ಓದು ಬೇಕೇ?"

ನಡುಪಟ್ಟಿಯ ಗಂಟು ಬಿಚ್ಚಿ ಉಂಗುರ ಇಟ್ಟಳು,
ಜೊತೆಗೆ ತೆರಿಗೆಯ ಮೂರು ಚೀಟಿ.
ಮೂರರಲ್ಲೂ ಮೀಮ್ ಅಕ್ಷರಕ್ಕೆ ಕಿವಿ ಹರಿದಿತ್ತು.
ಮೊನ್ನೆ ಮೊನ್ನೆಯ ಪತ್ರದಲ್ಲೋ
ಅದು ಹಸುಗೂಸಿನ ತಲೆಯಂತೆ ನುಣ್ಣಗೆ.

ಆಗ ಬಾಯಿ ತೆರೆದೆ.
ತಡವಾಗಿ ತೆರೆದದ್ದು ಎಲ್ಲರಿಗೂ ಕಂಡಿತು.

ಎರಡನ್ನೂ ಅಡಿಗಲ್ಲಿನ ಮೇಲಿಟ್ಟು ಒಡೆದರು,
ಸತ್ತವನ ಹೆಸರು ಊರಲ್ಲಿ ಅಲೆಯಬಾರದಲ್ಲ.
ಸುತ್ತಿಗೆ ಯಾವುದು ಯಾವುದೆಂದು ಕೇಳಲಿಲ್ಲ.

ವಾರದ ನಂತರ ಅಂಗಡಿಗೆ ಬಂದಳು.
"ನನ್ನ ಹೆಸರಿನದೊಂದು. ಹಿತ್ತಾಳೆ ಸಾಕು."
ದುಡ್ಡು ಬೇಡವೆಂದೆ. ಕೇಳಿಸದವಳಂತೆ
ಕಾಲ್ಮಣೆಯ ಮೇಲೆ ಎಣಿಸಿ ಇಟ್ಟಳು.
ಕೊರೆದು, ಒರೆಸಿ, ಪುಸ್ತಕ ಬಿಡಿಸಿದೆ.
ಹಾಳೆಯ ಮೇಲೆ ಅಂಗೈ ಚಾಚಿದಳು:
"ಅಲ್ಲಿ ಬೇಡ."

ಹೊಸಿಲಿನಾಚೆ ನನಗೆ ಬೆನ್ನು ಮಾಡಿ ಕುಕ್ಕರಿಸಿ
ಮೊಹರನ್ನು ಮೆಟ್ಟಿಲುಗಲ್ಲಿಗೆ ಉಜ್ಜಿದಳು.
ಒಂದು ಸಲವೋ ಎರಡು ಸಲವೋ,
ತಾಮ್ರಗಾರರ ಸದ್ದಿನಲ್ಲಿ ಎಣಿಸಲಾಗಲಿಲ್ಲ.

ಆ ತೋಟದ ಕಾಗದ ಯಾವುದಾದರೂ ಪೇಟೆಗೆ ಬಂದರೆ
ಭೂತಗನ್ನಡಿ ಹಿಡಿದು ಹುಡುಕುತ್ತೇನೆ.
ನನಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.